ಡ್ಯಾನ್ಯೂಬ್ ಕಣಿವೆಯ ಸೈಕಲ್ ದಾರಿ

ಭೂಪಟದಲ್ಲಿ ನದಿಯನ್ನು ನೀಲಿ ಗೆರೆಯಿಂದಲೂ ದಾರಿಯನ್ನು ಕೆಂಪು ಗೆರೆಯಿಂದಲೂ ತೋರಿಸುವುದು ವಾಡಿಕೆ. ಈ ಎರಡು ಗೆರೆಗಳು ನೂರಾರು ಕಿಲೋಮೀಟರ್ ದೂರ ಒಂದನ್ನೊಂದು ಅಗಲದೆ ಸಾಗಿರುವುದು ಕಂಡುಬಂದರೆ, ಅದಕ್ಕೆ ತಕ್ಕ ಕಾರಣವಿದ್ದೇ ಇರಬೇಕು. ಯೂರೋಪು ಖಂಡದ ಮಧ್ಯಭಾಗದಲ್ಲಿ, ಜರ್ಮನಿಯ ಗಡಿಯೂರಾದ ಪಾಸೌದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದವರೆಗೆ, ಡ್ಯಾನ್ಯೂಬ್ ನದಿಯ ದಂಡೆಯನ್ನೇ ಹಿಡಿದು ಹೋಗುವ ಸುಮಾರು 320 ಕಿಲೋಮೀಟರ್ ಉದ್ದದ ಒಂದು ಸೈಕಲ್ ದಾರಿ ಉಂಟು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಇರುವ ದೂರಕ್ಕಿಂತ ತುಸು ಹೆಚ್ಚು ಎಂದು ಸ್ಥೂಲವಾಗಿ ಹೇಳಬಹುದು. ಇಷ್ಟು ದೂರವನ್ನು ಬೇಸಗೆಯ ರಜೆಯಲ್ಲಿ ಅಲ್ಲಿನ ತಂದೆತಾಯಿಗಳು ಎಂಟು ಹತ್ತು ವರ್ಷದ ಮಕ್ಕಳೊಡನೆ ಒಂದು ವಾರದಲ್ಲಿ ಸೈಕಲ್ ತುಳಿದು ಮುಗಿಸುತ್ತಾರೆ. ತುಳಿಯಲಾರದ ಕೂಸುಗಳು ಹಿಂದೆ ಕಟ್ಟಿದ ಪುಟ್ಟ ಗಾಲಿಬಂಡಿಯಲ್ಲಿ ಕುಳಿತು ಬರುತ್ತವೆ. ಅರವತ್ತು ದಾಟಿದ ಅಜ್ಜ ಅಜ್ಜಿಯರೂ ಇದೇ ದಾರಿಯಲ್ಲಿ ಕಾಣಸಿಗುತ್ತಾರೆ.

ಇವರಾರೂ ಪಂದ್ಯದ ಪಟುಗಳಲ್ಲ. ಹಾಗಿದ್ದೂ ಮುನ್ನೂರು ಕಿಲೋಮೀಟರ್ ಇವರಿಗೆ ಹೇಗೆ ಸಾಧ್ಯವಾಯಿತು? ಇದರಲ್ಲಿ ಪ್ರಕೃತಿ ಕೊಟ್ಟದ್ದೆಷ್ಟು, ಮನುಷ್ಯನು ಮಾಡಿಕೊಂಡದ್ದೆಷ್ಟು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಕಣಿವೆಯನ್ನು ಒಮ್ಮೆ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನದಿಯ ಇಳುಕಲು

ಯೂರೋಪಿನ ನದಿಗಳಲ್ಲಿ ವೋಲ್ಗಾ ನದಿಯ ತರುವಾಯ ಡ್ಯಾನ್ಯೂಬೇ ಅತ್ಯಂತ ಉದ್ದವಾದುದು. ಜರ್ಮನಿಯ ನೈಋತ್ಯದಲ್ಲಿ ‘ಕಪ್ಪು ಕಾಡು’ ಎಂಬ ಹೆಸರಿನ ಬೆಟ್ಟಸೀಮೆಯಿಂದ ಇಳಿದು ಬರುವ ಬ್ರೆಗ್, ಬ್ರಿಗಾಖ್ ಎಂಬ ಎರಡು ಹೊಳೆಗಳ ಕೂಟದಿಂದ ಅದು ಹುಟ್ಟುತ್ತದೆ. ಅಲ್ಲಿಂದ ಪೂರ್ವಾಭಿಮುಖವಾಗಿ ಸುಮಾರು 2,850 ಕಿಲೋಮೀಟರ್ ಹರಿದು, ಹತ್ತು ದೇಶಗಳನ್ನು ಮುಟ್ಟಿ, ಕಪ್ಪು ಸಮುದ್ರವನ್ನು ಸೇರುತ್ತದೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳು ಇದರ ದಂಡೆಯ ಮೇಲಿವೆ.

ಈ ನದಿಯ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಸಾಮಾನ್ಯವಾಗಿ ನದಿಯ ಉದ್ದವನ್ನು ಹುಟ್ಟಿನಿಂದ ಕೆಳಕ್ಕೆ ಎಣಿಸುತ್ತಾರೆ. ಡ್ಯಾನ್ಯೂಬನ್ನಾದರೋ ಸಮುದ್ರದ ಕಡೆಯಿಂದ ಮೇಲಕ್ಕೆ ಎಣಿಸುವುದು ರೂಢಿ. ದೋಣಿಯವರ ತಿಳಿವಳಿಕೆಗಾಗಿ ದಂಡೆಯಲ್ಲಿ ಕಿಲೋಮೀಟರಿನ ಹಲಗೆಗಳನ್ನು ನೆಟ್ಟಿದ್ದಾರೆ. ಪಾಸೌ ಬಳಿ ಆ ಅಂಕಿ 2,226ರ ಸುಮಾರಿಗೆ ಇರುತ್ತದೆ. ವಿಯೆನ್ನಾದ ದೊಡ್ಡ ಸೇತುವೆಯ ಬಳಿಗೆ ಬರುವಾಗ 1,929ಕ್ಕೆ ಇಳಿದಿರುತ್ತದೆ. ಸೈಕಲ್ ಮೇಲೆ ಕುಳಿತ ಮಗುವಿಗೆ ಒಂದೊಂದು ಹಲಗೆ ಬಂದಾಗಲೂ ಒಂದೊಂದು ಅಂಕಿ ಕಡಮೆಯಾಗುವುದನ್ನು ಓದುವುದೇ ಒಂದು ಆಟವಾಗುತ್ತದೆ.

ಈ ಅಂಕಿಗಳಿಂದ ನಾವೂ ಒಂದು ಲೆಕ್ಕ ಮಾಡಬಹುದು. ಪಾಸೌ ಬಳಿ ನದಿಯ ಮಟ್ಟ ಸಮುದ್ರಮಟ್ಟದಿಂದ ಸುಮಾರು 290 ಮೀಟರ್ ಎತ್ತರದಲ್ಲಿದೆ. ವಿಯೆನ್ನಾದ ಬಳಿ ಸುಮಾರು 160 ಮೀಟರ್. ಅಂದರೆ ನದಿಯ ಹಾದಿಯಲ್ಲಿ 297 ಕಿಲೋಮೀಟರಿಗೆ ಇಳುಕಲು 130 ಮೀಟರ್ ಮಾತ್ರ. ಒಂದು ಕಿಲೋಮೀಟರಿಗೆ ಭಾಗಿಸಿದರೆ 44 ಸೆಂಟಿಮೀಟರ್ ಬರುತ್ತದೆ. ನಾವು ಬರೆಯಲು ಕುಳಿತುಕೊಳ್ಳುವ ಮೇಜಿನ ಎತ್ತರಕ್ಕಿಂತ ಇದು ಕಡಮೆ. ಉತ್ತರಕ್ಕೆ ಬೊಹೀಮಿಯಾದ ಹಳೆಯ ಗ್ರಾನೈಟ್ ಗುಡ್ಡಗಳು, ದಕ್ಷಿಣಕ್ಕೆ ಆಲ್ಪ್ಸ್ ಪರ್ವತದ ತಪ್ಪಲು ಇದ್ದರೂ ನದಿಯನ್ನು ಬಿಡದೆ ಹೋಗುವವನು ಗುಡ್ಡ ಹತ್ತಬೇಕಾದ ಪ್ರಮೇಯವೇ ಇಲ್ಲ. ಗುಡ್ಡವನ್ನು ಕೊರೆದು ಹಾದಿ ಮಾಡುವ ಕೆಲಸವನ್ನು ನೀರು ಲಕ್ಷಾಂತರ ವರ್ಷಗಳಿಂದ ಮಾಡುತ್ತ ಬಂದಿದೆ. ಮೇಲಾಗಿ ಆ ಪ್ರಾಂತದಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದೇ ಹೆಚ್ಚು. ಪಾಸೌದಿಂದ ವಿಯೆನ್ನಾಕ್ಕೆ ಹೋಗುವವರಿಗೆ ನೀರಿನ ಇಳುಕಲೂ ಬೆನ್ನ ಹಿಂದಿನ ಗಾಳಿಯೂ ಎರಡೂ ಅನುಕೂಲ. ಬಹುಮಂದಿ ಈ ದಿಕ್ಕಿನಲ್ಲಿಯೇ ಹೊರಡುವುದಕ್ಕೆ ಇದು ಕಾರಣ.

ಆದರೆ ಇಳುಕಲು ಸೌಮ್ಯವಾಗಿದ್ದ ಮಾತ್ರಕ್ಕೆ ದಾರಿ ತಾನಾಗಿ ಆಗುವುದಿಲ್ಲ. ಜೌಗು, ಪೊದೆ, ಬಂಡೆ, ಉಪನದಿಗಳ ಬಾಯಿ ಇವೆಲ್ಲ ದಂಡೆಯಲ್ಲಿ ಅಡ್ಡ ಬರುತ್ತವೆ. ಸೌಮ್ಯವಾಗಿ ಹರಿಯುವ ನದಿಗಳು ಲೋಕದಲ್ಲಿ ಎಷ್ಟೋ ಇವೆ. ಅವುಗಳ ದಂಡೆಯಲ್ಲಿ ಹತ್ತು ಮಾರು ದೂರ ನೆಟ್ಟಗೆ ನಡೆಯಲೂ ಆಗದು. ಹಾಗಾದರೆ ಡ್ಯಾನ್ಯೂಬಿನ ದಂಡೆಯನ್ನು ಸಮಮಾಡಿದವರು ಯಾರು?

ಕುದುರೆ ನಡೆದ ಜಾಡು

ರೈಲು ಬರುವುದಕ್ಕೆ ಮುಂಚೆ ಮಧ್ಯ ಯೂರೋಪಿನ ಭಾರವಾದ ಸರಕೆಲ್ಲ ನೀರಿನ ಮೇಲೆ ಸಾಗುತ್ತಿತ್ತು. ಹೊಳೆಯ ಇಳಿತಕ್ಕೆ ಮರ, ಉಪ್ಪು ಮೊದಲಾದವು ಬರುತ್ತಿದ್ದವು. ಆ ಪಯಣ ಸುಲಭ: ನೀರೇ ದೋಣಿಯನ್ನು ಹೊತ್ತುಕೊಂಡು ಹೋಗುತ್ತದೆ. ಎಷ್ಟೋ ದೋಣಿಗಳನ್ನು ಒಂದೇ ಪಯಣಕ್ಕೆಂದು ಕಟ್ಟಿ, ಊರು ಮುಟ್ಟಿದ ಮೇಲೆ ಒಡೆದು ಮರದ ಬೆಲೆಗೆ ಮಾರಿಬಿಡುತ್ತಿದ್ದರು. ಏಕೆಂದರೆ ಹಿಂದಕ್ಕೆ ಒಯ್ಯುವುದೇ ಪ್ರಯಾಸದ ಕೆಲಸ. ದ್ರಾಕ್ಷಾರಸ, ಧಾನ್ಯ ಮೊದಲಾದವನ್ನು ಹೊಳೆಗೆ ಎದುರಾಗಿ ಸಾಗಿಸಬೇಕಾದಾಗ ದೋಣಿಗೆ ಉದ್ದವಾದ ಹಗ್ಗ ಕಟ್ಟಿ ದಂಡೆಯ ಮೇಲಿನಿಂದ ಕುದುರೆಗಳ ಕೈಯಲ್ಲಿ ಎಳೆಸುತ್ತಿದ್ದರು. ದೊಡ್ಡ ದೋಣಿಸಾಲಿಗೆ ಮೂವತ್ತು ನಾಲ್ವತ್ತು ಕುದುರೆಗಳನ್ನು ಹೂಡುವುದೂ ಇತ್ತು.

ಇಷ್ಟು ಕುದುರೆಗಳು ಭಾರ ಎಳೆಯುತ್ತ ನಡೆಯಬೇಕಾದರೆ ದಂಡೆಯಲ್ಲಿ ಒಂದು ಜಾಡು ಬೇಕು. ಅದು ನೀರಿಗೆ ಸಮೀಪವಾಗಿರಬೇಕು, ಗಟ್ಟಿಯಾಗಿರಬೇಕು, ಏರಿಳಿತವಿಲ್ಲದಿರಬೇಕು. ಹಗ್ಗ ಸಿಕ್ಕಿಕೊಳ್ಳದಂತೆ ಮರಗಿಡಗಳನ್ನು ಕಡಿದಿರಬೇಕು. ಈ ಜಾಡಿಗೆ ಆಸ್ಟ್ರಿಯಾದಲ್ಲಿ ‘ಟ್ರೆಪ್ಪೆಲ್‌ವೆಗ್’ ಎಂದು ಹೆಸರು. 1829ರಲ್ಲಿ ಡ್ಯಾನ್ಯೂಬ್ ಉಗಿಹಡಗಿನ ಕಂಪನಿಯೊಂದು ಸ್ಥಾಪಿತವಾಗಿ, ಮರುವರ್ಷವೇ ವಿಯೆನ್ನಾಕ್ಕೂ ಬುಡಾಪೆಸ್ಟಿಗೂ ನಡುವೆ ಹಡಗು ಓಡಾಡತೊಡಗಿತು. ಕ್ರಮೇಣ ಉಗಿಯ ಬಲವೂ ರೈಲೂ ಸೇರಿ ಕುದುರೆಗೆ ಕೆಲಸವಿಲ್ಲದಂತೆ ಮಾಡಿದವು. ಕುದುರೆ ಹೋಯಿತು, ಜಾಡು ಉಳಿಯಿತು. ನದಿಯ ಉಸ್ತುವಾರಿಯವರು ದಂಡೆಯನ್ನು ನೋಡಿಕೊಳ್ಳಲು ಅದನ್ನು ಬಳಸುತ್ತಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಇನ್ನೊಂದು ಜೋಡಣೆಯಾಯಿತು. ಪಾಸೌ ಕೆಳಗಿನ ಯೋಖೆನ್‌ಸ್ಟೈನಿನಿಂದ ಮೊದಲಾಗಿ ವಿಯೆನ್ನಾದ ಫ್ರಾಯ್ಡೆನೌವರೆಗೆ ಹತ್ತು ವಿದ್ಯುದಾಗಾರಗಳನ್ನು ನದಿಗೆ ಅಡ್ಡಲಾಗಿ ಕಟ್ಟಿದರು. ಅಣೆಕಟ್ಟಿನ ಹಿಂದೆ ನೀರು ನಿಲ್ಲುವ ಕಡೆಗಳಲ್ಲಿ ಉದ್ದನೆಯ ಏರಿಗಳನ್ನು ಹಾಕಿ, ಅವುಗಳ ರಕ್ಷಣೆಗಾಗಿ ಮೇಲೆ ಕಿರಿದಾದ ರಸ್ತೆಗಳನ್ನು ಮಾಡಿದರು. ಕುದುರೆಯ ಜಾಡು, ಏರಿಯ ರಸ್ತೆ ಇವೆರಡನ್ನೂ ಹೊಂದಿಸಿ, 1980ರ ದಶಕದಲ್ಲಿ ಸೈಕಲ್ ಸವಾರರಿಗೆ ತೆರೆದುಕೊಟ್ಟದ್ದೇ ಇಂದಿನ ದಾರಿ. ಹೊಸದಾಗಿ ನೆಲ ಕೊಂಡು, ಗುಡ್ಡ ಕಡಿದು ಮಾಡಿದ ಭಾಗ ಅತ್ಯಲ್ಪ. ಇದ್ದುದನ್ನು ಗುರುತಿಸಿದ್ದು, ಬಿಟ್ಟುಹೋದ ತುಂಡುಗಳನ್ನು ಕೂಡಿಸಿದ್ದು, ಹಲಗೆ ನೆಟ್ಟು ದಾರಿ ತೋರಿಸಿದ್ದು, ಇವು ಅಲ್ಲಿನ ಪ್ರಾಂತೀಯ ಸರ್ಕಾರಗಳು ಮಾಡಿದ ಕೆಲಸ. ಭಾರ ಎಳೆಯುವ ಕುದುರೆಗೆ ಯಾವ ಗುಣಗಳು ಬೇಕಾಗಿದ್ದವೋ ಅವೇ ಗುಣಗಳು ಎಂಟು ವರ್ಷದ ಮಗುವಿನ ಕಾಲಿಗೂ ಬೇಕು ಎಂಬುದನ್ನು ಇಲ್ಲಿ ಗಮನಿಸಬೇಕು.

ಎಂಜಿನ್ನಿಲ್ಲದ ದೋಣಿ

ಈ ದಾರಿಯ ಬಹುಭಾಗದಲ್ಲಿ ನದಿಯ ಎರಡು ದಂಡೆಗಳಲ್ಲಿಯೂ ಸೈಕಲ್ ಓಡಿಸಲು ಬರುತ್ತದೆ. ಒಂದು ದಂಡೆಯಲ್ಲಿ ಮೋಟಾರು ರಸ್ತೆ ಒತ್ತಿಕೊಂಡು ಬಂದರೆ ಇನ್ನೊಂದು ದಂಡೆಗೆ ದಾಟಿಕೊಳ್ಳಬಹುದು. ಉದಾಹರಣೆಗೆ ಗ್ರೈನ್ ಪಟ್ಟಣದ ಕೆಳಗೆ ಎಡದಂಡೆಯಲ್ಲಿ ಹೆದ್ದಾರಿಯ ಗದ್ದಲ, ಬಲದಂಡೆ ಶಾಂತ. ಮಕ್ಕಳೊಡನೆ ಹೋಗುವವರು ಬಲದಂಡೆಯನ್ನೇ ಆರಿಸುತ್ತಾರೆ. ದಾಟುವುದಕ್ಕೆ ಸೇತುವೆಗಳುಂಟು, ಅಣೆಕಟ್ಟುಗಳುಂಟು, ಇವೆರಡೂ ಇಲ್ಲದೆಡೆ ದೋಣಿಗಳುಂಟು.

ಈ ದೋಣಿಗಳಲ್ಲಿ ಕೆಲವಕ್ಕೆ ನದಿ ದಾಟಲು ಎಂಜಿನ್ನಿನ ಬಲವೇ ಬೇಡ; ಹುಟ್ಟು ಹಾಕುವವರೂ ಇಲ್ಲ. ಲಿಂಟ್ಸ್ ನಗರದ ಮೇಲಿನ ಓಟೆನ್ಸ್‌ಹೈಮ್, ವಾಖೌ ಕಣಿವೆಯ ಸ್ಪಿಟ್ಸ್ ಮತ್ತು ವೈಸೆನ್‌ಕಿರ್ಖೆನ್ ಈ ಊರುಗಳಲ್ಲಿ ಅಂಥ ದೋಣಿಗಳಿವೆ. ಇದರ ಯುಕ್ತಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ರುಚಿಸತಕ್ಕದ್ದು. ನದಿಯ ಮೇಲೆ ದಂಡೆಯಿಂದ ದಂಡೆಗೆ ಎತ್ತರದಲ್ಲಿ ಒಂದು ಉಕ್ಕಿನ ಹಗ್ಗವನ್ನು ಬಿಗಿದಿರುತ್ತಾರೆ. ಅದರ ಮೇಲೆ ಒಂದು ರಾಟೆ ಓಡುತ್ತದೆ. ರಾಟೆಯಿಂದ ಇಳಿಬಿಟ್ಟ ಹಗ್ಗಕ್ಕೆ ದೋಣಿಯನ್ನು ಕಟ್ಟಿರುತ್ತದೆ. ಅಂಬಿಗನು ಚುಕ್ಕಾಣಿಯನ್ನು ತಿರುಗಿಸಿ ದೋಣಿಯ ಮೈಯನ್ನು ಪ್ರವಾಹಕ್ಕೆ ಓರೆಯಾಗಿ ನಿಲ್ಲಿಸುತ್ತಾನೆ. ಹರಿದು ಬರುವ ನೀರು ಆ ಓರೆಮೈಗೆ ಬಡಿಯುತ್ತದೆ. ಆ ಬಡಿತದ ಬಲವನ್ನು ಎರಡು ಅಂಶಗಳಾಗಿ ಬಿಡಿಸೋಣ: ಒಂದು ಅಂಶ ದೋಣಿಯನ್ನು ಕೆಳಕ್ಕೆ ತಳ್ಳಲು ನೋಡುತ್ತದೆ, ಅದನ್ನು ಹಗ್ಗ ತಡೆಯುತ್ತದೆ, ಇನ್ನೊಂದು ಅಂಶ ಅಡ್ಡಡ್ಡಲಾಗಿ ತಳ್ಳುತ್ತದೆ, ಅದನ್ನು ತಡೆಯುವವರಿಲ್ಲ. ಆದಕಾರಣ ದೋಣಿ ಅಡ್ಡಡ್ಡಲಾಗಿ ಸರಿದು ಆಚೆ ದಡ ಮುಟ್ಟುತ್ತದೆ. ಮರಳಿ ಬರಬೇಕಾದರೆ ಓರೆಯನ್ನು ಎದುರು ದಿಕ್ಕಿಗೆ ಬದಲಿಸಿದರಾಯಿತು. ಗಾಳಿಪಟವನ್ನು ದಾರ ಹಿಡಿದು ನಿಲ್ಲಿಸಿದಾಗ ಗಾಳಿ ಅದನ್ನು ಮೇಲೆತ್ತುವುದೂ ಇದೇ ತತ್ತ್ವದಿಂದ. ನಮ್ಮ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನು ಪ್ರವಾಹದೊಡನೆ ಹೆಣಗಬೇಕು. ಡ್ಯಾನ್ಯೂಬಿನ ಅಂಬಿಗನು ಪ್ರವಾಹವನ್ನೇ ಆಳಾಗಿ ಮಾಡಿಕೊಂಡಿದ್ದಾನೆ. ನೀರು ಹರಿಯುವವರೆಗೆ ಈ ದೋಣಿಗೆ ಬೇರೆ ಬಲ ಬೇಕಿಲ್ಲ. ನೀರು ನಿಂತಲ್ಲಿ ಮಾತ್ರ ಅದು ನಡೆಯದು.

ಪಾಸೌದಿಂದ ವಿಯೆನ್ನಾಕ್ಕೆ

ಇನ್ನು ದಾರಿಯನ್ನು ಹಂತಹಂತವಾಗಿ ನೋಡೋಣ. ಏಳು ದಿನಗಳಿಗೆ ಹಂಚಿದರೆ ದಿನಕ್ಕೆ ಸರಾಸರಿ ನಾಲ್ವತ್ತೈದು ಕಿಲೋಮೀಟರ್ ಆಗುತ್ತದೆ.

ಪಾಸೌ ಮೂರು ನದಿಗಳ ಸಂಗಮ. ಆಲ್ಪ್ಸಿನಿಂದ ಬರುವ ಇನ್ ನದಿಯ ಹಸುರು ನೀರು, ಉತ್ತರದ ಜೌಗು ಕಾಡಿನಿಂದ ಬರುವ ಇಲ್ಟ್ಸ್ ನದಿಯ ಕಪ್ಪು ನೀರು, ಇವು ಡ್ಯಾನ್ಯೂಬನ್ನು ಕೂಡಿಯೂ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಕಾಣುತ್ತವೆ. ಅಲ್ಲಿನ ಪುರಭವನದ ಗೋಡೆಯ ಮೇಲೆ ಹಿಂದಿನ ನೆರೆಗಳ ಮಟ್ಟವನ್ನು ಗುರುತು ಹಾಕಿದ್ದಾರೆ. 2013ರ ಜೂನ್ ತಿಂಗಳಲ್ಲಿ ನೀರು 12.89 ಮೀಟರಿನ ಮಟ್ಟಕ್ಕೆ ಏರಿತು. 1501ರಿಂದೀಚೆಗೆ ಅಷ್ಟು ದೊಡ್ಡ ನೆರೆ ಬಂದಿರಲಿಲ್ಲ. ಪಯಣದ ಮೊದಲಲ್ಲಿಯೇ ಈ ಗುರುತುಗಳನ್ನು ನೋಡಿ ಹೊರಡುವುದು ಒಳ್ಳೆಯದು. ಸೌಮ್ಯವೆಂದು ನಾವು ಲೆಕ್ಕ ಹಾಕಿದ ನದಿಯ ಇನ್ನೊಂದು ಮುಖ ಅಲ್ಲಿದೆ.

ಪಾಸೌದಿಂದ ಸುಮಾರು ನಾಲ್ವತ್ತು ಕಿಲೋಮೀಟರ್ ಹೋದರೆ ಶ್ಲೋಗೆನ್ ಎಂಬಲ್ಲಿ ನದಿ ಗಟ್ಟಿಯಾದ ಶಿಲೆಯನ್ನು ಇದಿರಿಸಿ ಹಾವಿನಂತೆ ಸುತ್ತಿ, ಬಂದ ದಿಕ್ಕಿಗೇ ಮುಖ ತಿರುಗಿಸುತ್ತದೆ. ಇಲ್ಲಿ ಎಡದಂಡೆಯ ಕಾಡುಗುಡ್ಡ ನೀರಿಗೇ ಇಳಿದಿರುವುದರಿಂದ ದಾರಿಗೆ ಎಡೆಯಿಲ್ಲ. ಸೈಕಲ್‌ಗಳನ್ನು ದೋಣಿಗೆ ಏರಿಸಿ ಮುಂದುವರಿಯಬೇಕು. ಮಕ್ಕಳಿಗೆ ಇದೊಂದು ಸಂಭ್ರಮ.

ಮುಂದಿನ ದೊಡ್ಡ ಊರು ಲಿಂಟ್ಸ್. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಯೋಹಾನ್ಸ್ ಕೆಪ್ಲರನು 1612ರಿಂದ 1626ರವರೆಗೆ ಇಲ್ಲಿದ್ದನು. ಅವನ ಮೂರನೆಯ ನಿಯಮವುಳ್ಳ ಗ್ರಂಥ 1619ರಲ್ಲಿ ಹೊರಬಂದುದು ಈ ಊರಿನಿಂದಲೇ. ನಮ್ಮ ದಾರಿಗೆ ಸಂಬಂಧಿಸಿದ ಒಂದು ಸಂಗತಿಯೂ ಅವನ ಜೀವನದಲ್ಲುಂಟು. 1613ರಲ್ಲಿ ಎರಡನೆಯ ಮದುವೆಯಾದಾಗ ಅವನು ಮನೆಗೆ ದ್ರಾಕ್ಷಾರಸದ ಪೀಪಾಯಿಗಳನ್ನು ತರಿಸಿದನು. ಕೆಳನಾಡಿನಿಂದ ಹೊಳೆಯ ಮೇಲೆ ಬಂದ ಪೀಪಾಯಿಗಳು ದಡದಲ್ಲಿ ರಾಶಿ ಬಿದ್ದಿದ್ದ ವರ್ಷ ಅದು. ಮಾರುವವನು ಪೀಪಾಯಿಯ ತೂತಿನಲ್ಲಿ ಅಳತೆಗೋಲನ್ನು ಓರೆಯಾಗಿ ಇಳಿಸಿ, ಪೀಪಾಯಿಯ ಆಕಾರವನ್ನು ಗಮನಿಸದೆಯೇ ಬೆಲೆ ಹೇಳಿದನಂತೆ. ಇದು ಸರಿಯೇ ಎಂದು ಕೆಪ್ಲರನು ಲೆಕ್ಕಕ್ಕೆ ಕುಳಿತನು; 1615ರಲ್ಲಿ ಪೀಪಾಯಿಗಳ ಘನಫಲವನ್ನು ಕುರಿತ ಪುಸ್ತಕವನ್ನೇ ಪ್ರಕಟಿಸಿದನು. ಮುಂದೆ ಬಂದ ಕಲನಶಾಸ್ತ್ರಕ್ಕೆ ದಾರಿಮಾಡಿದ ಗ್ರಂಥಗಳಲ್ಲಿ ಅದೂ ಒಂದು.

ಲಿಂಟ್ಸಿನಿಂದ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದಲ್ಲಿ ಮೌಟ್‌ಹೌಸೆನ್ ಎಂಬ ಸಣ್ಣ ಊರು. ದಂಡೆಯ ಸಾಲುಮನೆಗಳು ನೋಡಲು ಅಂದವಾಗಿವೆ. ಮೇಲಿನ ಗುಡ್ಡದಲ್ಲಿ ಗ್ರಾನೈಟ್ ಗಣಿಯುಂಟು. ವಿಯೆನ್ನಾದ ಬೀದಿಗಳಿಗೆ ಹಾಸಿದ ಕಲ್ಲು ಒಂದು ಕಾಲದಲ್ಲಿ ಇಲ್ಲಿಂದ ಹೋಗುತ್ತಿತ್ತು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾಯಿತು. ಆ ವರ್ಷವೇ ಅವರು ಈ ಗಣಿಯ ಬಳಿ ಸೆರೆಶಿಬಿರವನ್ನು ತೆರೆದರು. 1945ರ ಮೇ 5ರಂದು ಅಮೆರಿಕದ ಸೈನ್ಯ ಬಂದು ಬಿಡುಗಡೆ ಮಾಡುವವರೆಗೆ ಈ ಶಿಬಿರದಲ್ಲಿಯೂ ಇದರ ಶಾಖೆಗಳಲ್ಲಿಯೂ ಸುಮಾರು 1,90,000 ಜನ ಸೆರೆಯಲ್ಲಿದ್ದರು. ಅವರಲ್ಲಿ ಕಡಮೆಯೆಂದರೂ 90,000 ಮಂದಿ ಸತ್ತರು. ಬೆನ್ನ ಮೇಲೆ ಕಲ್ಲು ಹೊತ್ತು ಕೈದಿಗಳು ಹತ್ತಿದ 186 ಮೆಟ್ಟಿಲುಗಳು ಅಲ್ಲಿವೆ. ಇಂದು ಅದು ಸ್ಮಾರಕವಾಗಿದೆ.

ಸಂಸಾರದೊಡನೆ ಸಂತೋಷಕ್ಕಾಗಿ ಹೊರಟವರು ಇಂಥ ಸ್ಥಳದ ಬುಡದಲ್ಲಿ ಹಾದುಹೋಗುತ್ತಾರೆ. ನಿಲ್ಲಬೇಕೆ, ಹಾಗೆಯೇ ಮುಂದೆ ಹೋಗಬೇಕೆ? ಸಣ್ಣ ಮಕ್ಕಳನ್ನು ಕರೆದೊಯ್ಯತಕ್ಕ ಸ್ಥಳವಲ್ಲವೆಂಬುದು ನಿಜ. ತಂದೆತಾಯಿಗಳಲ್ಲಿ ಒಬ್ಬರು ಮಕ್ಕಳೊಡನೆ ದಂಡೆಯಲ್ಲಿ ಉಳಿದು, ಇನ್ನೊಬ್ಬರು ದೊಡ್ಡ ಮಗನನ್ನೋ ಮಗಳನ್ನೋ ಕರೆದುಕೊಂಡು ಗುಡ್ಡ ಹತ್ತಿ ಬರಬಹುದು. ಕೆಳಗೆ ಉಳಿದ ಚಿಕ್ಕವರೂ ‘ಮೇಲೆ ಏನಿದೆ?’ ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಮಗುವಿನ ವಯಸ್ಸಿಗೆ ತಕ್ಕಷ್ಟು, ಆದರೆ ಸುಳ್ಳಲ್ಲದ ಉತ್ತರವನ್ನು ಕೊಡಬೇಕಾಗುತ್ತದೆ. ದಾರಿಯನ್ನು ಸಮಮಾಡಬಹುದು, ಚರಿತ್ರೆಯನ್ನು ಸಮಮಾಡಲಾಗದು.

ಮುಂದೆ ಗ್ರೈನ್. ಇಲ್ಲಿ ಕಣಿವೆ ಮತ್ತೆ ಕಿರಿದಾಗುತ್ತದೆ. ನೀರಿನೊಳಗಿನ ಬಂಡೆಗಳೂ ಸುಳಿಗಳೂ ಹಿಂದೆ ದೋಣಿಗಾರರ ಎದೆ ನಡುಗಿಸುತ್ತಿದ್ದವು. ಹದಿನೆಂಟನೆಯ ಶತಮಾನದಲ್ಲಿ ರಾಣಿ ಮರಿಯಾ ತೆರೇಸಾಳ ಕಾಲದಿಂದ ಬಂಡೆಗಳನ್ನು ಸಿಡಿಸುವ ಕೆಲಸ ನಡೆಯಿತು. 1959ರಲ್ಲಿ ಕೆಳಗಡೆ ಇಪ್ಸ್-ಪೆರ್ಜೆನ್‌ಬೌಗ್ ವಿದ್ಯುದಾಗಾರ ಪೂರ್ಣವಾಗಿ ನೀರಿನ ಮಟ್ಟ ಏರಿದ ಮೇಲೆ ಆ ಭಯ ಮುಗಿಯಿತು. 1791ರಲ್ಲಿ ಆರಂಭವಾದ ಪುಟ್ಟ ನಾಟಕಶಾಲೆಯೊಂದು ಗ್ರೈನಿನಲ್ಲಿ ಇಂದಿಗೂ ಉಳಿದಿದೆ.

ಮೆಲ್ಕ್ ಎಂಬಲ್ಲಿ ಬಂಡೆಯ ಮೇಲೆ ಬೆನೆಡಿಕ್ಟ್ ಪಂಥದ ಕ್ರೈಸ್ತಮಠವಿದೆ. 1089ರಲ್ಲಿ ಸ್ಥಾಪಿತವಾದ ಈ ಮಠದ ಈಗಿನ ಭವ್ಯ ಕಟ್ಟಡ 1702ರಿಂದ 1736ರವರೆಗೆ ಕಟ್ಟಿದ್ದು. ಮೆಲ್ಕಿನಿಂದ ಕ್ರೆಮ್ಸಿನವರೆಗಿನ ಸುಮಾರು 36 ಕಿಲೋಮೀಟರ್ ಕಣಿವೆಗೆ ವಾಖೌ ಎಂದು ಹೆಸರು. ಗುಡ್ಡದ ಓರೆಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಲ್ಲುಗೋಡೆ ಕಟ್ಟಿ ದ್ರಾಕ್ಷಿ ಬೆಳೆಯುತ್ತಾರೆ. ತಗ್ಗಿನಲ್ಲಿ ಏಪ್ರಿಕಾಟ್ ಹಣ್ಣಿನ ತೋಟಗಳಿವೆ. 2000ದಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ವಿಲ್ಲೆನ್‌ಡಾರ್ಫಿನಲ್ಲಿ 1908ರಲ್ಲಿ ಸಿಕ್ಕಿದ, ಹನ್ನೊಂದು ಸೆಂಟಿಮೀಟರ್ ಎತ್ತರದ ಕಲ್ಲಿನ ಸ್ತ್ರೀಮೂರ್ತಿ ಹಿಮಯುಗದ ಮಾನವನ ಕೈಕೆಲಸ. ಡ್ಯೂರ್ನ್‌ಸ್ಟೈನಿನ ಮೇಲಿರುವ ಪಾಳುಕೋಟೆಯಲ್ಲಿ ಇಂಗ್ಲೆಂಡಿನ ರಾಜ ‘ಸಿಂಹಹೃದಯ’ ರಿಚರ್ಡನು 1192ರಲ್ಲಿ ಸೆರೆಯಾಗಿದ್ದನು. ವಾಖೌ ಭಾಗದಲ್ಲಿ ಅಣೆಕಟ್ಟಿಲ್ಲ. ನದಿ ತನ್ನಿಚ್ಛೆಯಂತೆ ಹರಿಯುತ್ತದೆ. ಆದ್ದರಿಂದಲೇ ಹಿಂದೆ ಹೇಳಿದ ಎಂಜಿನ್ನಿಲ್ಲದ ದೋಣಿಗಳು ಇಲ್ಲಿ ಚೆನ್ನಾಗಿ ನಡೆಯುತ್ತವೆ.

ಕ್ರೆಮ್ಸಿನ ಮುಂದೆ ಬಯಲುನಾಡು. ಬಲದಂಡೆಯಲ್ಲಿ ತ್ಸ್ವೆಂಟೆನ್‌ಡಾರ್ಫ್ ಎಂಬಲ್ಲಿ ಒಂದು ದೊಡ್ಡ ಕಟ್ಟಡ ಎದುರಾಗುತ್ತದೆ. ಇದು ಪೂರ್ಣವಾಗಿ ಕಟ್ಟಿ ಮುಗಿಸಿಯೂ ಒಂದು ದಿನವೂ ನಡೆಸದೆ ಬಿಟ್ಟ ಪರಮಾಣು ವಿದ್ಯುದಾಗಾರ. 1978ರ ನವೆಂಬರ್ 5ರಂದು ಆಸ್ಟ್ರಿಯಾದ ಜನರ ಅಭಿಪ್ರಾಯವನ್ನು ಮತದ ಮೂಲಕ ಕೇಳಿದಾಗ ನೂರಕ್ಕೆ 50.47 ಮಂದಿ ಬೇಡವೆಂದರು. ಸರ್ಕಾರ ಆ ಮತಕ್ಕೆ ತಲೆಬಾಗಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಹಾಗಿರಲಿ. ಸಂಸಾರಗಳು ಹಾದುಹೋಗುವ ದಾರಿಯ ಪಕ್ಕದಲ್ಲಿ ರಾಜ್ಯಶಾಸ್ತ್ರದ ಇಂಥ ಪಾಠ ಸಿಗುವುದು ಅಪೂರ್ವ.

ಟುಲ್ನ್ ದಾಟಿದರೆ ವಿಯೆನ್ನಾ. ಅಲ್ಲಿ ನೆರೆಯ ನೀರಿಗಾಗಿ ನದಿಗೆ ಸಮನಾಗಿ ಇನ್ನೊಂದು ಕಾಲುವೆಯನ್ನು ತೋಡಿದರು. ಆ ಕೆಲಸ 1972ರಿಂದ 1988ರವರೆಗೆ ನಡೆಯಿತು. ತೋಡಿದ ಮಣ್ಣಿನಿಂದ ನಡುವೆ 21 ಕಿಲೋಮೀಟರ್ ಉದ್ದದ ದ್ವೀಪವಾಯಿತು. ನೆರೆಯಿಂದ ಊರನ್ನು ಉಳಿಸಲು ಮಾಡಿದ ಕೆಲಸ, ಊರಿನ ಮಕ್ಕಳಿಗೆ ಸೈಕಲ್ ಓಡಿಸುವ, ಈಜಾಡುವ ಬಯಲನ್ನೂ ಒದಗಿಸಿತು. ಇಲ್ಲಿಗೆ ನಮ್ಮ ಪಯಣ ಮುಗಿಯುತ್ತದೆ. ದಾರಿಯಾದರೋ ಮುಗಿಯುವುದಿಲ್ಲ. ಫ್ರಾನ್ಸಿನ ಅಟ್ಲಾಂಟಿಕ್ ತೀರದಿಂದ ಲ್ವಾರ್, ರೈನ್, ಡ್ಯಾನ್ಯೂಬ್ ಕಣಿವೆಗಳನ್ನು ಹಿಡಿದು ಕಪ್ಪು ಸಮುದ್ರದವರೆಗೆ ಹೋಗುವ ‘ಯೂರೋವೆಲೋ 6’ ಎಂಬ ದೀರ್ಘ ಸೈಕಲ್ ಮಾರ್ಗದಲ್ಲಿ ಇದು ಒಂದು ಭಾಗ ಮಾತ್ರ.

ಮಕ್ಕಳ ಅಳತೆ

ದಿನಕ್ಕೆ ನಾಲ್ವತ್ತೈದು ಕಿಲೋಮೀಟರ್ ಎಂದೆವಷ್ಟೆ. ಗಂಟೆಗೆ ಹನ್ನೆರಡು ಕಿಲೋಮೀಟರಿನಂತೆ ಹೋದರೂ ನಾಲ್ಕು ಗಂಟೆಗಿಂತ ಕಡಮೆಯಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಊಟಕ್ಕೆ, ಆಟಕ್ಕೆ, ನೋಡುವುದಕ್ಕೆ. ಬೆಳಗ್ಗೆ ಬಿಟ್ಟ ಊರಿಗೂ ಸಂಜೆ ತಲಪುವ ಊರಿಗೂ ನಡುವೆ ಹಳ್ಳಿಗಳು ಹತ್ತಿರ ಹತ್ತಿರ ಇರುವುದರಿಂದ ಮಗು ದಣಿದರೆ ನಿಂತುಬಿಡಬಹುದು. ಲಿಂಟ್ಸ್, ಮೆಲ್ಕ್, ಕ್ರೆಮ್ಸ್, ಟುಲ್ನ್ ಮೊದಲಾದ ಊರುಗಳಲ್ಲಿ ರೈಲು ನಿಲ್ದಾಣಗಳುಂಟು. ಚೀಟಿ ಕೊಂಡರೆ ಸೈಕಲನ್ನೂ ರೈಲಿನಲ್ಲಿ ಒಯ್ಯಬಹುದು. ಸಾಮಾನನ್ನು ಒಂದು ವಸತಿಯಿಂದ ಮುಂದಿನ ವಸತಿಗೆ ಗಾಡಿಯಲ್ಲಿ ಸಾಗಿಸಿಕೊಡುವವರಿದ್ದಾರೆ. ಸೈಕಲ್ ಬಾಡಿಗೆಗೂ ಸಿಗುತ್ತದೆ. ಎಂದರೆ, ಸೋತರೂ ಕೆಡುಕಿಲ್ಲದಂತೆ ಏರ್ಪಾಟು ಮಾಡಿದ್ದಾರೆ. ಹಿಂದಿರುಗುವ ದಾರಿ ಇದೆಯೆಂದು ತಿಳಿದಾಗಲೇ ತಾಯಿತಂದೆಗಳಿಗೆ ಮಕ್ಕಳೊಡನೆ ಹೊರಡುವ ಧೈರ್ಯ ಬರುವುದು.

ಕಾನೂನೂ ಇದಕ್ಕೆ ಒತ್ತಾಸೆಯಾಗಿದೆ. ಆಸ್ಟ್ರಿಯಾದಲ್ಲಿ ಹನ್ನೆರಡು ವರ್ಷಕ್ಕೆ ಕಡಮೆಯ ಮಕ್ಕಳು ಸೈಕಲ್ ಏರುವಾಗ ಶಿರಸ್ತ್ರಾಣ ಧರಿಸಬೇಕೆಂದು 2011ರಲ್ಲಿ ವಿಧಿಸಿದರು. ಆ ವಯಸ್ಸಿನವರು ರಸ್ತೆಯಲ್ಲಿ ಹದಿನಾರು ತುಂಬಿದವರೊಬ್ಬರ ಜೊತೆಯಲ್ಲಿ ಹೋಗಬೇಕು. ಒಂಟಿಯಾಗಿ ಹೋಗಬೇಕಾದರೆ ಸೈಕಲ್ ಸವಾರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯಲ್ಲಿರುವಾಗಲೇ ಮಕ್ಕಳು ಈ ಪರೀಕ್ಷೆಗೆ ಕೂಡುತ್ತಾರೆ.

ಹೀಗೆಂದು ದಾರಿಯಲ್ಲಿ ತೊಡಕೇ ಇಲ್ಲವೆಂದು ತಿಳಿಯಬಾರದು. ಜುಲೈ ಆಗಸ್ಟ್ ತಿಂಗಳಲ್ಲಿ ಜನಸಂದಣಿ ಹೆಚ್ಚು. ವೇಗವಾಗಿ ಹೋಗುವವರೂ ಕೂಸುಗಳೂ ಒಂದೇ ಹಾದಿಯಲ್ಲಿ ಸಾಗಬೇಕು. ಕೆಲವೆಡೆ ನೀರು ಪಕ್ಕದಲ್ಲಿಯೇ ಇದ್ದು ತಡೆಗೋಡೆ ಇರುವುದಿಲ್ಲ. ಊರೊಳಗೆ ಮೋಟಾರು ರಸ್ತೆಗಳನ್ನು ದಾಟಬೇಕು. ಎಲ್ಲಕ್ಕಿಂತ ಮಿಗಿಲಾಗಿ ನೆರೆ. 2002, 2013, 2024 ಈ ವರ್ಷಗಳಲ್ಲಿ ದೊಡ್ಡ ನೆರೆಗಳು ಬಂದವು. ಇಂಥ ನೆರೆ ಇಳಿದ ಮೇಲೆ ದಾರಿಯ ಮೇಲೆ ಕೆಸರು ಬಿದ್ದಿರುತ್ತದೆ, ಅಂಚು ಕೊಚ್ಚಿಹೋಗಿರುತ್ತದೆ. ಪ್ರತಿಸಲವೂ ಯಾರೋ ಬಂದು ಕೆಸರು ಬಳಿದು, ಕಲ್ಲು ಹಾಕಿ, ಹಲಗೆಯನ್ನು ಮತ್ತೆ ನೆಡಬೇಕು. ಸವಾರರು ಅವರನ್ನು ಕಾಣುವುದಿಲ್ಲ. ಆದರೆ ಒಂದು ವರ್ಷ ಅವರು ಬಾರದಿದ್ದರೆ ದಾರಿಯೇ ಇರುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಿಲೋಮೀಟರಿಗೆ 44 ಸೆಂಟಿಮೀಟರಿನ ಇಳುಕಲು ಪ್ರಕೃತಿ ಕೊಟ್ಟದ್ದು. ಜಾಡನ್ನು ತುಳಿದದ್ದು ಕುದುರೆಗಳು ಮತ್ತು ಅವನ್ನು ನಡೆಸಿದ ಬಡ ದೋಣಿಗಾರರು. ಅವರಾರೂ ಮಕ್ಕಳ ವಿಹಾರವನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವರು ಬಿಟ್ಟುಹೋದ ಜಾಡನ್ನು ಹಾಳುಬೀಳಗೊಡದೆ, ಉತ್ತು ಹೊಲ ಮಾಡದೆ, ಮೋಟಾರಿಗೆ ಒಪ್ಪಿಸದೆ, ಸೈಕಲ್‌ಗೆಂದು ತೆಗೆದಿಟ್ಟದ್ದು ನಮ್ಮ ಕಾಲದವರ ನಿರ್ಧಾರ. ಆ ನಿರ್ಧಾರ ಮಾಡುವಾಗ ಅವರು ವೇಗದ ಸವಾರನನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದರೆ ಮಗುವಿಗೆ ಅಲ್ಲಿ ಸ್ಥಳವಿರುತ್ತಿರಲಿಲ್ಲ. ಎಂಟು ವರ್ಷದ ಮಗು ನಿರ್ಭಯವಾಗಿ ಹೋಗಬಲ್ಲ ದಾರಿಯಲ್ಲಿ ಮುದುಕರೂ ಹೋಗಬಲ್ಲರು, ಪಟುಗಳೂ ಹೋಗಬಲ್ಲರು. ಎಲ್ಲರ ದುಡ್ಡಿನಿಂದ ಕಟ್ಟುವ ಯಾವ ದಾರಿಗಾದರೂ ಈ ಅಳತೆಯೇ ಸರಿಯಾದುದೆಂದು ತೋರುತ್ತದೆ.